ಧನುರ್ಮಾಸದಲ್ಲಿ ಹುಟ್ಟಿದವರು

ತುಮಕೂರಿನಿಂದ ಬೆಂಗಳೂರಿಗೆ ಹೋಗುವ ರೈಲುದಾರಿಯಲ್ಲಿ ಕ್ಯಾತ್ಸಂದ್ರವನ್ನು ದಾಟಿದರೆ ಹಿರೇಹಳ್ಳಿಯು ಸಿಕ್ಕುವುದು. ರಾಗಿಯ ಹೊಲಗಳಿಗೂ ಅವರೆಯ ಸಾಲುಗಳಿಗೂ ಹೆಸರಾದ ಸೀಮೆಯಿದು. ಈಗ ಇಲ್ಲಿ ಕೈಗಾರಿಕಾ ಪ್ರದೇಶವೊಂದು ಬೆಳೆದಿದೆ, ತೋಟಗಾರಿಕೆಯ ಪ್ರಯೋಗಕೇಂದ್ರವೊಂದಿದೆ, ಪುಣೆಯ ಹೆದ್ದಾರಿಯು ಹತ್ತಿರದಲ್ಲಿಯೇ ಹಾದುಹೋಗುತ್ತದೆ. ಇಂಥ ಊರಿನಲ್ಲಿ ಮಾರ್ಗಶಿರ ಪುಷ್ಯಗಳ ಚಳಿಯು ಬಂದಿತೆಂದರೆ ಎರಡು ಬಗೆಯ ಕಾಲಗಣನೆಗಳು ಒಂದೇ ಬೀದಿಯಲ್ಲಿ ಎದುರುಬದುರಾಗಿ ನಿಲ್ಲುತ್ತವೆ. ಸೂರ್ಯನು ಧನೂರಾಶಿಯನ್ನು ಪ್ರವೇಶಿಸುವ ಡಿಸೆಂಬರ್ 16ರ ಸುಮಾರಿನಿಂದ ಮಕರವನ್ನು ಸೇರುವ ಜನವರಿ 14ರ ಸುಮಾರಿನವರೆಗೆ ಧನುರ್ಮಾಸವು. ಆ ದಿನಗಳಲ್ಲಿ ಅರುಣೋದಯಕ್ಕೆ ಮೊದಲೇ ದೇವಾಲಯಗಳಲ್ಲಿ ಗಂಟೆಯ ನಾದ, ಹೆಸರುಬೇಳೆಯ ಹುಗ್ಗಿಯ ನೈವೇದ್ಯ. ಅದೇ ದಿನಗಳ ನಡುವೆ ಡಿಸೆಂಬರ್ 25 ಬರುವುದು. ಅಂಗಡಿಗಳ ಮುಂದೆ ಕಾಗದದ ನಕ್ಷತ್ರಗಳು ತೂಗುವುವು. ಈ ಕಾಲದಲ್ಲಿ ಇಂದು ಹುಟ್ಟುವ ಮಗುವಿಗೆ ಎರಡು ಹುಟ್ಟುಹಬ್ಬಗಳುಂಟು: ತಿಥಿ ಅಥವಾ ನಕ್ಷತ್ರದ ವರ್ಧಂತಿಯೊಂದು, ಇಂಗ್ಲಿಷ್ ತಾರೀಖಿನ ಹಬ್ಬವೊಂದು. ಆ ಮಗುವಿನ ಮುತ್ತಜ್ಜಿಗೆ ಬಹುಮಟ್ಟಿಗೆ ಒಂದೂ ಇರಲಿಲ್ಲ. ನೂರು ನೂರಿಪ್ಪತ್ತು ವರ್ಷಗಳೊಳಗೆ ಒಂದೇ ವಂಶದಲ್ಲಿ ಇಷ್ಟು ಭೇದವು ಹೇಗೆ ಉಂಟಾಯಿತೆಂಬುದು ವಿಚಾರಿಸತಕ್ಕ ವಿಷಯವು.

ಧನುರ್ಮಾಸದಲ್ಲಿ ಮದುವೆ ಮುಂಜಿಗಳು ನಡೆಯುವುದಿಲ್ಲ. ಲೌಕಿಕ ಶುಭಕಾರ್ಯಗಳಿಗೆ ಇದು ಶೂನ್ಯಮಾಸವೆಂದೂ ಭಗವದಾರಾಧನೆಗೆ ಮಾತ್ರ ಮೀಸಲಾದುದೆಂದೂ ಹಿರಿಯರು ಎಣಿಸಿದರು. ಆದರೆ ಜನನವು ಮುಹೂರ್ತವನ್ನು ಕಾದು ಕುಳಿತುಕೊಳ್ಳುವ ಕಾರ್ಯವಲ್ಲ. ಹೊರಗೆ ರಾಗಿಯ ಕಣ, ಒಳಗೆ ಬಾಣಂತಿಯ ಅಗ್ಗಿಷ್ಟಿಕೆ, ಇವೆರಡೂ ಒಂದೇ ಚಳಿಗಾಲದಲ್ಲಿ ಕೂಡಿಬಂದ ಮನೆಗಳು ಈ ಸೀಮೆಯಲ್ಲಿ ಎಷ್ಟೋ ಇದ್ದುವು.

ಹುಟ್ಟಿದ ದಿನವನ್ನು ವರ್ಷಕ್ಕೊಮ್ಮೆ ಆಚರಿಸುವುದು ಪಾಶ್ಚಾತ್ಯರಿಂದ ಬಂದ ಪದ್ಧತಿಯೆಂದು ಕೆಲವರು ಹೇಳುವುದುಂಟು. ಇದು ಸರಿಯಾದ ಮಾತಲ್ಲ. ‘ವರ್ಧಂತಿ’ ಎಂಬ ಶಬ್ದವೇ ವೃದ್ಧಿಯನ್ನು ಹೇಳುತ್ತದೆ. ಮೈಸೂರು ಸಂಸ್ಥಾನದಲ್ಲಿ ಮಹಾರಾಜರ ಜನ್ಮದಿನೋತ್ಸವಕ್ಕೆ ಈ ಹೆಸರೇ ರೂಢಿಯಾಗಿದ್ದಿತು. ಧರ್ಮಶಾಸ್ತ್ರದ ನಿಬಂಧಗಳಲ್ಲಿ ಇದಕ್ಕೆ ವರ್ಧಾಪನವೆಂದೂ ಅಬ್ದಪೂರ್ತಿಯೆಂದೂ ಹೆಸರುಗಳುಂಟು. 1612ರಲ್ಲಿ ಕಮಲಾಕರಭಟ್ಟನು ರಚಿಸಿದ ನಿರ್ಣಯಸಿಂಧುವೂ, 1790ರ ಸುಮಾರಿನಲ್ಲಿ ಕಾಶೀನಾಥ ಉಪಾಧ್ಯಾಯನು ರಚಿಸಿದ ಧರ್ಮಸಿಂಧುವೂ ಇದರ ವಿಧಿಯನ್ನು ತಿಳಿಸುತ್ತವೆ. ಎಳ್ಳಿನಿಂದ ಮೈಯನ್ನು ಉಜ್ಜಿ ಸ್ನಾನಮಾಡಿ ಹೊಸ ವಸ್ತ್ರವನ್ನು ಧರಿಸಬೇಕು. ಕುಲದೇವತೆಯನ್ನೂ ಜನ್ಮನಕ್ಷತ್ರವನ್ನೂ ಪೂಜಿಸಬೇಕು. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮರೆಂಬ ಏಳು ಮಂದಿ ಚಿರಂಜೀವಿಗಳನ್ನೂ ಮಾರ್ಕಂಡೇಯನನ್ನೂ ಆವಾಹಿಸಿ ಆಯುಸ್ಸನ್ನು ಬೇಡಬೇಕು. ಷಷ್ಠೀದೇವಿಗೆ ಮೊಸರನ್ನವನ್ನು ನಿವೇದಿಸಬೇಕು. ಕಡೆಯಲ್ಲಿ ಎಳ್ಳು ಬೆಲ್ಲಗಳನ್ನು ಬೆರೆಸಿದ ಹಾಲನ್ನು ಕುಡಿಯಬೇಕು. ಆ ದಿನ ಉಗುರು ಕೂದಲುಗಳನ್ನು ಕತ್ತರಿಸಕೂಡದು, ಪ್ರಯಾಣ ಮಾಡಕೂಡದು, ಜಗಳವಾಡಕೂಡದು, ಮಾಂಸವೂ ಹಿಂಸೆಯೂ ನಿಷಿದ್ಧ. ಜಗಳವನ್ನು ನಿಷೇಧಿಸಿದುದು ಬಹಳ ವಿವೇಕದ ಮಾತು. ಮಕ್ಕಳ ಹುಟ್ಟುಹಬ್ಬದ ದಿನವೇ ಮನೆಮಂದಿಯು ಕರೆಯೋಲೆಯ ವಿಷಯದಲ್ಲಿಯೋ ಖರ್ಚಿನ ವಿಷಯದಲ್ಲಿಯೋ ಮುನಿಸಿಕೊಳ್ಳುವುದು ಇಂದಿಗೂ ತಪ್ಪಿಲ್ಲ.

ಈ ವಿಧಿಯೆಲ್ಲವೂ ನಡೆಯಬೇಕಾದರೆ ಜನ್ಮತಿಥಿಯು ಗೊತ್ತಿರಬೇಕಷ್ಟೆ. ಅದು ಗೊತ್ತಿದ್ದವರು ಎಷ್ಟು ಮಂದಿ? ಜಾತಕವನ್ನು ಬರೆಯಿಸುವ ವಾಡಿಕೆಯು ಬ್ರಾಹ್ಮಣರಲ್ಲಿಯೂ, ಅರಸುಮನೆತನಗಳಲ್ಲಿಯೂ, ಅನುಕೂಲಸ್ಥರಾದ ಶೆಟ್ಟರು ಗೌಡರು ಶಾನುಭೋಗರ ಮನೆಗಳಲ್ಲಿಯೂ ಇದ್ದಿತು. ಆ ಮನೆಗಳಲ್ಲಿಯೂ ಗಂಡುಮಗುವಿನ ಜಾತಕವು ಪೆಟ್ಟಿಗೆಯಲ್ಲಿ ಭದ್ರವಾಗಿರುವುದು. ಹೆಣ್ಣುಮಗುವಿನದು ಬರೆಯಿಸಿದ್ದರೆ ಮದುವೆಯ ಮಾತು ಮುಗಿಯುವವರೆಗೆ ಇರುವುದು, ಆ ಮೇಲೆ ಅದನ್ನು ಕೇಳುವವರಿಲ್ಲ. ಜಾತಕವೇ ಇಲ್ಲದಿದ್ದರೆ ಹೆಸರಿನ ಮೊದಲಕ್ಷರದಿಂದ ನಾಮನಕ್ಷತ್ರವನ್ನು ಹಿಡಿದು ಕೂಟವನ್ನು ನೋಡುತ್ತಿದ್ದರು. ಹೀಗೆ ಹೆಣ್ಣಿನ ನಿಜವಾದ ನಕ್ಷತ್ರದ ಅವಶ್ಯಕತೆಯೇ ಅನೇಕರಿಗೆ ತೋರಲಿಲ್ಲ. ಹೊಲದಲ್ಲಿ ದುಡಿಯುವ ಕುಟುಂಬಗಳಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲರ ಜನನವೂ ಬಾಯಿಮಾತಿನ ನೆನಪಿನಲ್ಲಿತ್ತೇ ಹೊರತು ಕಾಗದದಲ್ಲಿರಲಿಲ್ಲ.

ಆ ನೆನಪಿನ ರೀತಿಯು ಮಾತ್ರ ಕೇವಲ ಅಲ್ಪವಾದುದಲ್ಲ. ‘ಧಾತು ಈಶ್ವರದ ಬರದಲ್ಲಿ ಹುಟ್ಟಿದವನು’ ಎಂದರೆ 1876ರಿಂದ 1878ರವರೆಗಿನ ಮಹಾಕ್ಷಾಮವೆಂದು ಕೇಳಿದವರಿಗೆಲ್ಲ ತಿಳಿಯುತ್ತಿದ್ದಿತು. 1871ರ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿಯಿತೆಂದ ಮೇಲೆ, ಆ ಎರಡು ಸಂವತ್ಸರಗಳ ಹೆಸರು ಯಾರಿಗೆ ಮರೆತೀತು? ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ರೈಲು ಬಂದಿತು. ದಾರಿಯ ಮಗ್ಗುಲಿನ ಹಳ್ಳಿಗಳಿಗೆ ಆ ವರ್ಷವು ಸಹಜವಾಗಿಯೇ ಒಂದು ಗುರುತುಕಲ್ಲು. 1898ರ ಪ್ಲೇಗು, 1918ರ ಇನ್‌ಫ್ಲುಯೆಂಜ, ಇವೂ ಹಾಗೆಯೇ. ವರ್ಷವು ಹೀಗೆ ಗೊತ್ತಾದ ಮೇಲೆ ಋತುವನ್ನು ಬೆಳೆಯು ಹೇಳುತ್ತಿದ್ದಿತು: ಅವರೆಯು ಸೊಗಡು ಕಟ್ಟಿದಾಗ, ರಾಗಿಯ ಕಣ ಮಾಡುವಾಗ, ಹುಗ್ಗಿಯ ಕಾಲದಲ್ಲಿ, ಎಳ್ಳು ಬೀರುವ ಹಬ್ಬಕ್ಕೆ ಎಂಟು ದಿನವಿರುವಾಗ. ಸಂವತ್ಸರದ ಹೆಸರಿನಲ್ಲಿ ಒಂದು ತೊಡಕುಂಟು. ಅದು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದು. ರೈಲು ಬಂದ 1884ರ ಯುಗಾದಿಯಿಂದ ಮೊದಲಾದುದು ತಾರಣ ಸಂವತ್ಸರ. 1944ರಲ್ಲಿ ಮೊದಲಾದುದೂ ತಾರಣ. 2004ರಲ್ಲಿ ಮೊದಲಾದುದೂ ತಾರಣವೇ. ಆದರೆ ಒಂದೇ ಆಯುಸ್ಸಿನಲ್ಲಿ ಹುಟ್ಟಿದ ಸಂವತ್ಸರವು ಒಮ್ಮೆ ಮಾತ್ರ ಮರಳುವುದರಿಂದ ಲೋಕವ್ಯವಹಾರಕ್ಕೆ ಇದರಿಂದ ಕೆಡುಕಾಗಲಿಲ್ಲ. ಅದು ಮರಳಿದ ದಿನವೇ ಷಷ್ಟ್ಯಬ್ದಪೂರ್ತಿ ಶಾಂತಿಯ ದಿನವು. ಪ್ರತಿವರ್ಷದ ವರ್ಧಂತಿಯನ್ನು ಮಾಡಿಕೊಳ್ಳದವರು ಸಹ ಅರವತ್ತನೆಯದನ್ನು ಮಾಡಿಕೊಳ್ಳುತ್ತಿದ್ದರು. ಸಾವಿರ ಹುಣ್ಣಿಮೆಗಳನ್ನು ಕಂಡವರಿಗೆ ಸಹಸ್ರಚಂದ್ರದರ್ಶನ ಶಾಂತಿಯುಂಟು. ಲೆಕ್ಕ ಹಾಕಿದರೆ ಅದು ಎಂಬತ್ತು ವರ್ಷ ಹತ್ತು ತಿಂಗಳ ಸುಮಾರಿಗೆ ಬರುವುದು.

ಇನ್ನೊಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ಚೊಚ್ಚಲ ಬಾಣಂತನವು ತವರುಮನೆಯಲ್ಲಿ ನಡೆಯುವುದು ಕನ್ನಡ ನಾಡಿನ ಪದ್ಧತಿ. ಆದಕಾರಣ ಮಗು ಹುಟ್ಟಿದ ಗಳಿಗೆಯು ತಾಯಿಯ ತಾಯಿಗೆ ಗೊತ್ತಿರುತ್ತಿದ್ದಿತೇ ಹೊರತು ತಂದೆಯ ಮನೆಯವರಿಗಲ್ಲ. ತುಮಕೂರು ಜಿಲ್ಲೆಯವರಿಗೆ ಇದರ ಉದಾಹರಣೆಯು ಕೈಯಳತೆಯಲ್ಲಿಯೇ ಇದೆ. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರ ತಂದೆಯವರ ಊರು ಬೆಳ್ಳೂರು; ಅವರು ಹುಟ್ಟಿದುದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, ತಾಯಿಯ ತವರಿನಲ್ಲಿ, 1884ನೆಯ ಜನವರಿ 3ರಂದು. ಸ್ವಭಾನು ಸಂವತ್ಸರದ ಧನುರ್ಮಾಸವದು. ಕುವೆಂಪುರವರ ಮನೆ ಕುಪ್ಪಳಿಯಾದರೂ ಅವರು ಹುಟ್ಟಿದುದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿಯೇ, 1904ನೆಯ ಡಿಸೆಂಬರ್ 29ರಂದು. ಅದೂ ಕ್ರೋಧಿ ಸಂವತ್ಸರದ ಧನುರ್ಮಾಸ. ಹೊಸಗನ್ನಡದ ಈ ಇಬ್ಬರು ಹಿರಿಯರೂ ಹುಗ್ಗಿಯ ತಿಂಗಳಿನವರು. ಅವರ ಜನ್ಮದಿನೋತ್ಸವಗಳು ಇಂದು ನಡೆಯುವುದು ತಾರೀಖಿನಂತೆ. ಅವರು ಹುಟ್ಟಿದ ಕಾಲದ ಹಳ್ಳಿಯಲ್ಲಿ ಆ ತಾರೀಖನ್ನು ಕೇಳುವವರು ವಿರಳವಾಗಿದ್ದರು.

ಜನನದ ವಿಷಯದಲ್ಲಿ ಇಷ್ಟು ಉದಾಸೀನರಾಗಿದ್ದ ಜನರು ಮರಣದ ವಿಷಯದಲ್ಲಿ ಹಾಗಿರಲಿಲ್ಲ. ಅಜ್ಜನು ಹುಟ್ಟಿದ ದಿನವನ್ನು ತಿಳಿಯದ ಮೊಮ್ಮಗನು ಆತನು ತೀರಿಕೊಂಡ ಮಾಸ ಪಕ್ಷ ತಿಥಿಗಳನ್ನು ತಪ್ಪದೆ ಹೇಳಬಲ್ಲನು. ಏಕೆಂದರೆ ಪ್ರತಿವರ್ಷವೂ ಶ್ರಾದ್ಧವು ನಡೆಯಲೇಬೇಕು. ಮೂರು ತಲೆಮಾರುಗಳವರೆಗೆ ಪಿಂಡವನ್ನು ಕೊಡುವ ಮನೆಯಲ್ಲಿ ಮೂರು ತಲೆಮಾರಿನ ಮೃತತಿಥಿಗಳು ಉಳಿಯುತ್ತವೆ. ಸಂನ್ಯಾಸಿಗಳಿಗೆ ಆರಾಧನೆಯಾಗುವುದೂ ಅಂಥದೇ ತಿಥಿಯಲ್ಲಿ. ವಿಚಿತ್ರವೇನೆಂದರೆ, ಆದಿಕಾಲದ ಕ್ರೈಸ್ತರ ನಡೆಯೂ ಇದಕ್ಕೆ ಬಹಳ ದೂರವಾಗಿರಲಿಲ್ಲ. ಮೂರನೆಯ ಶತಮಾನದ ಆರಿಜೆನ್ ಎಂಬ ಪಂಡಿತನು, ಹುಟ್ಟಿದ ದಿನವನ್ನು ಉತ್ಸವವಾಗಿ ಆಚರಿಸಿದವರು ಫೇರೋ ಹೆರೋದರಂಥ ಪಾಪಿಗಳೇ ಹೊರತು ಸಂತರಲ್ಲವೆಂದು ಬರೆದನು. ಸಂತರು ದೇಹವನ್ನು ಬಿಟ್ಟ ದಿನವನ್ನೇ ಅವರ ನಿಜವಾದ ಜನ್ಮದಿನವೆಂದು ಆ ಕಾಲದ ಸಭೆಗಳು ಆಚರಿಸುತ್ತಿದ್ದುವು.

ಹಾಗಾದರೆ ಇಂದು ಲೋಕದಲ್ಲೆಲ್ಲ ಪ್ರಸಿದ್ಧವಾದ ಕ್ರಿಸ್ತಜಯಂತಿಯು ಎಲ್ಲಿಂದ ಬಂದಿತು? ಮತ್ತಾಯ ಲೂಕರ ಸುವಾರ್ತೆಗಳು ಯೇಸುವಿನ ಜನನವನ್ನು ವರ್ಣಿಸುತ್ತವೆ. ಗೋದಲಿಯುಂಟು, ಕುರುಬರುಂಟು, ಮೂಡಣದ ಜ್ಞಾನಿಗಳುಂಟು, ದಾರಿ ತೋರಿದ ನಕ್ಷತ್ರವುಂಟು. ಮಾಸವೂ ದಿನವೂ ಇಲ್ಲ. ನಕ್ಷತ್ರವು ಗೊತ್ತು, ದಿನವು ಗೊತ್ತಿಲ್ಲ! ಡಿಸೆಂಬರ್ 25 ಎಂಬ ದಿನವು ಮೊದಲು ಸ್ಪಷ್ಟವಾಗಿ ಕಾಣಬರುವುದು ರೋಮ್ ನಗರದಲ್ಲಿ 354ರಲ್ಲಿ ಸಂಕಲಿತವಾದ ಒಂದು ಪಂಚಾಂಗದಲ್ಲಿ, ಎಂದರೆ ಜನನವಾಗಿ ಮುನ್ನೂರೈವತ್ತು ವರ್ಷಗಳು ಕಳೆದ ಮೇಲೆ. ಈ ದಿನವನ್ನು ಏಕೆ ಆರಿಸಿಕೊಂಡರೆಂಬುದರಲ್ಲಿ ವಿದ್ವಾಂಸರಿಗೆ ಎರಡು ಮತಗಳಿವೆ. ಮಾರ್ಚ್ 25ನ್ನು ಗರ್ಭಾವತರಣದ ದಿನವೆಂದು ಇಟ್ಟುಕೊಂಡು ಒಂಬತ್ತು ತಿಂಗಳನ್ನು ಕೂಡಿಸಿದರೆಂಬುದು ಒಂದು ಮತ. ರೋಮಿನ ಹಳೆಯ ಗಣನೆಯಲ್ಲಿ ಡಿಸೆಂಬರ್ 25 ಸೂರ್ಯನು ಉತ್ತರಕ್ಕೆ ತಿರುಗುವ ದಿನವಾಗಿದ್ದುದರಿಂದ, ಬೆಳಕು ಬೆಳೆಯಲು ತೊಡಗುವ ಆ ದಿನವನ್ನೇ ಗೊತ್ತುಮಾಡಿದರೆಂಬುದು ಇನ್ನೊಂದು.

ಎರಡನೆಯ ಮತವು ನಿಜವಾದಲ್ಲಿ, ಕ್ರಿಸ್ಮಸ್ಸೂ ಮಕರಸಂಕ್ರಾಂತಿಯೂ ಒಂದೇ ಮೂಲದಿಂದ ಹೊರಟ ದಿನಗಳೆಂದು ಹೇಳಬೇಕಾಗುವುದು. ಸಂಕ್ರಾಂತಿಯು ಉತ್ತರಾಯಣದ ಹಬ್ಬವಷ್ಟೆ. ನಿಜವಾದ ಉತ್ತರಾಯಣವು ಈಗ ಡಿಸೆಂಬರ್ 21 ಅಥವಾ 22ರಂದು ಆಗಿಹೋಗುವುದು. ಒಂದು ಹಬ್ಬವು ಆ ಬಿಂದುವಿನಿಂದ ಮೂರು ನಾಲ್ಕು ದಿನ ಜಾರಿದೆ, ಮತ್ತೊಂದು ಮೂರು ವಾರಗಳಿಗೂ ಮಿಕ್ಕು ಜಾರಿದೆ. ಹಳೆಯ ಜೂಲಿಯನ್ ಗಣನೆಯನ್ನು ಬಿಡದ ರಷ್ಯದ ಸಭೆಯವರಿಗೆ ಕ್ರಿಸ್ಮಸ್ಸು ಜನವರಿ 7ರಂದು; ಆರ್ಮೇನಿಯದವರಿಗೆ ಜನವರಿ 6ರಂದು. ಎಲ್ಲವೂ ಧನುರ್ಮಾಸದೊಳಗೆಯೇ ಬರುವುವೆಂಬುದು ಒಂದು ಸೊಗಸು.

ಕನ್ನಡ ನಾಡಿನ ಈ ಭಾಗಕ್ಕೆ ಕ್ರಿಸ್ಮಸ್ಸನ್ನು ತಂದವರು ವೆಸ್ಲಿಯನ್ ಮಿಷನ್ನಿನವರು. 1830ರ ದಶಕದ ಕೊನೆಯಲ್ಲಿ ಗುಬ್ಬಿಯಲ್ಲಿ ಅವರ ಕೇಂದ್ರವು ಏರ್ಪಟ್ಟಿತು. ಕನ್ನಡ ವ್ಯಾಕರಣವನ್ನು ಬರೆದ ಥಾಮಸ್ ಹಾಡ್ಸನ್ನರೂ, 1839ರಲ್ಲಿ ಇಂಡಿಯಕ್ಕೆ ಬಂದ ವಿಲಿಯಂ ಆರ್ಥರರೂ ಅಲ್ಲಿ ಕೆಲಸಮಾಡಿದರು. ಆರ್ಥರರು ಕಣ್ಣಿನ ಬೇನೆಯಿಂದ 1841ರಲ್ಲಿ ಹಿಂದಿರುಗಿ, 1847ರಲ್ಲಿ ಮೈಸೂರು ಸೀಮೆಯ ವಿಷಯವಾಗಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಮುಂದೆ ತುಮಕೂರಿನಲ್ಲಿಯೂ ಮಿಷನ್ನಿನ ಕೆಲಸವು ಬೆಳೆಯಿತು. ಅವರ ಮತಬೋಧೆಯ ಫಲಾಫಲಗಳ ವಿಚಾರವು ಇಲ್ಲಿ ಬೇಡ. ಪ್ರಕೃತಕ್ಕೆ ಸಂಬಂಧಪಟ್ಟುದು ದೀಕ್ಷಾಸ್ನಾನದ ದಾಖಲೆಯ ಪುಸ್ತಕವು. ಗಂಡಾಗಲಿ ಹೆಣ್ಣಾಗಲಿ ಮಗುವಿನ ಹೆಸರು, ತಂದೆತಾಯಿಗಳ ಹೆಸರು, ತಾರೀಖು, ಇವನ್ನು ಒಂದೇ ಸಾಲಿನಲ್ಲಿ ಬರೆದಿಡುವ ಪದ್ಧತಿಯು ಹಳ್ಳಿಗಾಡಿನ ಬಡಕುಟುಂಬಗಳವರೆಗೆ ತಲಪಿದುದು ಆ ಪುಸ್ತಕದ ಮೂಲಕ. ಜಾತಕದ ಪೆಟ್ಟಿಗೆಯಲ್ಲಿ ಸ್ಥಳವಿಲ್ಲದಿದ್ದ ಹೆಣ್ಣುಮಗುವಿಗೆ ಅಲ್ಲಿ ಒಂದು ಸಾಲು ದೊರೆಯಿತು. ಹಬ್ಬದ ಅಡಿಗೆಯಲ್ಲಿ ಮಾತ್ರ ಕನ್ನಡ ಕ್ರೈಸ್ತರು ಕನ್ನಡಿಗರಾಗಿಯೇ ಉಳಿದರು. ಕ್ರಿಸ್ಮಸ್ಸಿನ ತಟ್ಟೆಯಲ್ಲಿ ಕಜ್ಜಾಯ, ಕರ್ಜಿಕಾಯಿ, ಚಕ್ಕುಲಿಗಳಿಲ್ಲದಿದ್ದರೆ ಹಬ್ಬವೆನಿಸದು. ನೆರೆಮನೆಗಳಿಗೆ ಅವನ್ನು ಬೀರುವುದಕ್ಕೂ, ಮೂರು ವಾರಗಳಾಚೆಗೆ ಆ ನೆರೆಮನೆಗಳಿಂದ ಎಳ್ಳುಬೆಲ್ಲವು ಬರುವುದಕ್ಕೂ ಸರಿಹೋಗುವುದು.

ತಾರೀಖಿಗೆ ನಿಜವಾದ ಬಲವು ಬಂದುದು ಮಿಷನ್ನಿನಿಂದಲ್ಲ, ಸರ್ಕಾರದಿಂದ. 1871ರಿಂದ ಜನಗಣತಿಯವರು ಮನೆಮನೆಗೆ ಬಂದು ವಯಸ್ಸನ್ನು ಕೇಳತೊಡಗಿದರು. ಜನರು ಮೂವತ್ತು, ನಲವತ್ತು, ಐವತ್ತು ಎಂದು ಸರಿಯಂಕಿಗಳನ್ನು ಹೇಳಿದರು. ಆಮೇಲೆ 1894ರಲ್ಲಿ ಮೈಸೂರು ಸರ್ಕಾರವು ಎಂಟು ವರ್ಷಕ್ಕೆ ಕಡಿಮೆಯಾದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿ ಕಾನೂನು ಮಾಡಿತು. ಬ್ರಿಟಿಷ್ ಇಂಡಿಯದಲ್ಲಿ ಶಾರದಾ ಕಾನೂನು ಬಂದುದು 1929ರಲ್ಲಿ. ಮೈಸೂರು ಮೂವತ್ತೈದು ವರ್ಷ ಮುಂಚೆಯೇ ಈ ದಾರಿಯನ್ನು ಹಿಡಿದಿತ್ತೆಂಬುದು ಸಂಸ್ಥಾನಕ್ಕೆ ಭೂಷಣವಾದ ವಿಷಯ. ಆದರೆ ಹೆಣ್ಣುಮಗುವು ಹುಟ್ಟಿದ ದಿನದ ಬರವಣಿಗೆಯೇ ಇಲ್ಲದ ಮನೆಯಲ್ಲಿ ಎಂಟಾಯಿತೋ ಇಲ್ಲವೋ ಎಂಬುದನ್ನು ನಿರ್ಣಯಿಸುವವರು ಯಾರು? ಹುಟ್ಟಿದ ದಿನವು ಹಬ್ಬಕ್ಕೆ ಮಾತ್ರ ಬೇಕಾದ ವಸ್ತುವಲ್ಲ, ಹೆಣ್ಣುಮಗುವಿನ ರಕ್ಷಣೆಗೂ ಬೇಕಾದುದೆಂಬುದು ಆಗ ಪ್ರಕಾಶಕ್ಕೆ ಬಂದಿತು.

ಪ್ರಾಥಮಿಕ ವಿದ್ಯಾಭ್ಯಾಸದ ಕಾನೂನು 1913ರಲ್ಲಿ ಬಂದಿತು. ಹಳ್ಳಿಯ ಶಾಲೆಗೆ ಮಗುವನ್ನು ಕರೆತಂದ ತಂದೆಯನ್ನು ಉಪಾಧ್ಯಾಯರು ವಯಸ್ಸೆಷ್ಟೆಂದು ಕೇಳುವರು. ‘ಎಷ್ಟಾದರೂ ಹಾಕಿಕೊಳ್ಳಿ ಸ್ವಾಮಿ’ ಎಂದು ಉತ್ತರ. ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿಯನ್ನು ಮುಟ್ಟಿಸುವರು. ಬೆರಳು ಕಿವಿಗೆ ತಾಗಿದರೆ ಶಾಲೆಯ ವಯಸ್ಸಾಯಿತೆಂದು ಗ್ರಹಿಸುವರು. ಅಲ್ಲಿಂದ ಹಿಂದಕ್ಕೆ ಎಣಿಸಿ, ಶಾಲೆಯು ತೆರೆಯುವ ಕಾಲಕ್ಕೆ ಹೊಂದುವಂತೆ ಜೂನ್ 1 ಎಂದೋ ಇನ್ನಾವುದೋ ಜೂನ್ ತಾರೀಖೆಂದೋ ಬರೆಯುವರು. ಹೀಗೆ ಧನುರ್ಮಾಸದಲ್ಲಿ ಹುಟ್ಟಿದವರೂ ಶ್ರಾವಣದಲ್ಲಿ ಹುಟ್ಟಿದವರೂ ಒಟ್ಟಿಗೆ ಜೂನಿನಲ್ಲಿ ಮರುಹುಟ್ಟು ಪಡೆದರು. ಇದನ್ನು ನೆನೆದು ನಗುವವರುಂಟು. ಆದರೆ ರೋಮಿನ ಸಭೆಯವರು ಮಾಡಿದುದಕ್ಕೂ ಹಳ್ಳಿಯ ಉಪಾಧ್ಯಾಯರು ಮಾಡಿದುದಕ್ಕೂ ತತ್ತ್ವತಃ ಭೇದವೇನು? ಜನನವು ನಿಶ್ಚಯ, ದಿನವು ಅನಿಶ್ಚಯ. ದಿನವಿಲ್ಲದೆ ವ್ಯವಹಾರವು ಸಾಗದು. ಆದಕಾರಣ ಗೌರವಸ್ಥವಾದ ಒಂದು ಸಂಸ್ಥೆಯು ದಿನವೊಂದನ್ನು ಕೊಟ್ಟಿತು. ಕೊಟ್ಟ ದಿನವು ಕಾಲಕ್ರಮದಲ್ಲಿ ನಿಜವಾದ ದಿನದಷ್ಟೇ ಮಾನ್ಯವಾಯಿತು. ಆ ಜೂನ್ ತಾರೀಖಿನಿಂದಲೇ ಕೆಲಸಕ್ಕೆ ಸೇರಿದರು, ಆ ತಾರೀಖಿನಿಂದಲೇ ವಿಶ್ರಾಂತಿ ವೇತನವನ್ನು ಪಡೆದರು. ಜನನ ಮರಣಗಳ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾನೂನು ಬಂದುದು 1969ರಲ್ಲಿ. ಅದಕ್ಕೆ ಹಿಂದೆ 1957ರ ಮಾರ್ಚ್ 22ರಂದು ಸರ್ಕಾರವು ಶಕವರ್ಷದ ರಾಷ್ಟ್ರೀಯ ಪಂಚಾಂಗವನ್ನೂ ಜಾರಿಗೆ ತಂದಿತು. ಅದರಂತೆ ಹುಟ್ಟುಹಬ್ಬವನ್ನು ಮಾಡಿಕೊಂಡ ಮನೆಯನ್ನು ಹುಡುಕಿದರೂ ಸಿಕ್ಕುವುದು ಕಷ್ಟ.

ತಿಥಿಯೂ ತಾರೀಖೂ ಒಂದಕ್ಕೊಂದು ಹೇಗೆ ಓಡುತ್ತವೆಂಬುದಕ್ಕೆ ಸಮೀಪದ ಒಂದು ದೃಷ್ಟಾಂತವು ಸಾಕು. 2020ನೆಯ ಡಿಸೆಂಬರ್ 25ರಂದು ಕ್ರಿಸ್ಮಸ್ಸೂ, ವೈಕುಂಠ ಏಕಾದಶಿಯೂ, ಗೀತಾಜಯಂತಿಯೂ ಒಂದೇ ದಿನ ಬಂದುವು. ಶಾರ್ವರಿ ಸಂವತ್ಸರದ ಮಾರ್ಗಶಿರ ಶುದ್ಧ ಏಕಾದಶಿಯದು. ಆ ದಿನ ಹುಟ್ಟಿದ ಮಗುವಿನ ಜನ್ಮತಿಥಿಯು 2021ರಲ್ಲಿ ಡಿಸೆಂಬರ್ 14ಕ್ಕೇ ಬಂದಿತು. ಆಗ ಧನುರ್ಮಾಸವು ಇನ್ನೂ ಹುಟ್ಟಿರಲಿಲ್ಲ! 2022ರಲ್ಲಿ ಅದು ತಿಂಗಳ ಮೊದಲ ವಾರಕ್ಕೆ ಸರಿಯಿತು. 2023ರಲ್ಲಿ ಅಧಿಕ ಶ್ರಾವಣವು ಬಿದ್ದುದರಿಂದ ಮತ್ತೆ ಡಿಸೆಂಬರ್ 22-23ಕ್ಕೆ ಹಾರಿತು. ಚಾಂದ್ರವರ್ಷವು ಸೌರವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಕಡಿಮೆ. ಆ ಕೊರತೆಯನ್ನು ಅಧಿಕಮಾಸವು ತುಂಬುವುದು. ಆದರೆ 19 ಸೌರವರ್ಷಗಳಿಗೂ 235 ಚಾಂದ್ರಮಾಸಗಳಿಗೂ ಇರುವ ಅಂತರವು ಸುಮಾರು ಎರಡು ಗಂಟೆ ಮಾತ್ರ. ಆದಕಾರಣ ಹತ್ತೊಂಬತ್ತು, ಮೂವತ್ತೆಂಟು, ಐವತ್ತೇಳನೆಯ ವರ್ಷಗಳು ತುಂಬಿದಾಗ ಒಂದು ದಿನ ಹೆಚ್ಚುಕಡಿಮೆಯಾಗಿ ಎರಡು ಹುಟ್ಟುಹಬ್ಬಗಳೂ ಕೂಡುತ್ತವೆ. ಶ್ರೀವೈಷ್ಣವರು ಸೌರಮಾಸವನ್ನೂ ನಕ್ಷತ್ರವನ್ನೂ ಹಿಡಿಯುವುದರಿಂದ ಅವರ ಧನುರ್ಮಾಸದ ಮಗುವು ಎಂದೆಂದಿಗೂ ಧನುರ್ಮಾಸದಲ್ಲಿಯೇ ಉಳಿಯುವುದು; ಒಂದೇ ಮಾಸದಲ್ಲಿ ನಕ್ಷತ್ರವು ಎರಡು ಸಲ ಬಂದರೆ ಯಾವುದನ್ನು ಹಿಡಿಯಬೇಕೆಂಬ ಚರ್ಚೆಯೊಂದು ಮಾತ್ರ ಅವರಿಗೆ ಉಳಿದುಕೊಂಡಿದೆ.

ಆ ಸಂಪ್ರದಾಯದವರ ಹೆಸರಿನೊಡನೆಯೇ ಇನ್ನೊಂದು ವಸ್ತುವು ಮನೆಗಳಿಗೆ ಬಂದಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹಾಸನ ಸೀಮೆಯಿಂದ ಬೆಂಗಳೂರಿಗೆ ಬಂದ ಅಯ್ಯಂಗಾರ್ ಕುಟುಂಬದವರು ಬೇಕರಿಯನ್ನು ತೆರೆದರು. ಮೊಟ್ಟೆಯಿಲ್ಲದ ಕೇಕನ್ನು ಮಾಡಿ, ಮಡಿವಂತರ ಮನೆಯ ಹೊಸಲನ್ನು ಅದು ದಾಟುವಂತೆ ಮಾಡಿದ ಕೀರ್ತಿಯು ಇಂಥ ಬೇಕರಿಗಳಿಗೆ ಸಲ್ಲಬೇಕು. ಇಂದು ತುಮಕೂರು ಗುಬ್ಬಿ ಕುಣಿಗಲುಗಳ ಪೇಟೆಯಲ್ಲಿ ‘ಅಯ್ಯಂಗಾರ್ ಬೇಕರಿ’ ಎಂಬ ಹಲಗೆಯು ಕಾಣದ ಬೀದಿಯು ಅಪರೂಪ. ಕೇಕು ಬಂದಿತು, ಅದರ ಬೆನ್ನಿಗೆ ಮೇಣದಬತ್ತಿಯೂ ಬಂದಿತು, ಮೇಣದಬತ್ತಿಯೊಡನೆ ಮನೆಯಲ್ಲಿ ಚರ್ಚೆಯೂ ಬಂದಿತು. ಹಚ್ಚಿದ ದೀಪವನ್ನು ಬಾಯಿಂದ ಊದಿ ಆರಿಸುವುದು ಹಿರಿಯರ ಮನಸ್ಸಿಗೆ ಒಗ್ಗಲಿಲ್ಲ. ದೀಪವು ‘ಆರಿತು’ ಎನ್ನಲು ಬಾಯಿ ಬಾರದೆ ‘ಶಾಂತವಾಯಿತು’ ಎನ್ನುವ ಜನರಲ್ಲವೇ? ಕೆಲವು ಮನೆಗಳಲ್ಲಿ ಒಂದು ಸಂಧಾನವು ನಡೆಯಿತು: ಬೆಳಿಗ್ಗೆ ಎಣ್ಣೆನೀರು, ಆರತಿ, ಹಿರಿಯರಿಗೆ ನಮಸ್ಕಾರ, ಪಾಯಸ, ಸಂಜೆ ಕೇಕು. ಬೆಳಗಿನದು ಅಜ್ಜಿಯ ಅಧಿಕಾರಕ್ಕೆ, ಸಂಜೆಯದು ಮಕ್ಕಳ ಅಧಿಕಾರಕ್ಕೆ. ಈ ಸಂಧಾನವನ್ನು ಹೀಗಳೆಯಲು ಕಾರಣವಿಲ್ಲ. ಧರ್ಮಸಿಂಧುವಿನ ಎಳ್ಳು ಬೆಲ್ಲದ ಹಾಲು ಮಾತ್ರ ಬಹುತೇಕ ಮನೆಗಳಲ್ಲಿ ಮರೆತುಹೋಗಿದೆ. ಅದನ್ನು ಬಿಡಬಾರದಾಗಿತ್ತು, ಚಳಿಗಾಲದಲ್ಲಿ ಹುಟ್ಟಿದವರಿಗೆ ಅದಕ್ಕಿಂತ ಹಿತವಾದ ಪಾನೀಯವಿಲ್ಲ.

ಜಾತಕವಿಲ್ಲದ ಮನೆಗಳ ಮಕ್ಕಳಿಗೆ ಹಿಂದೆ ಹುಟ್ಟುಹಬ್ಬವೇ ಇರಲಿಲ್ಲವೆಂದು ಹೇಳುವುದೂ ತಪ್ಪಾಗುವುದು. ಧನುರ್ಮಾಸವು ಮುಗಿಯುವ ಸಂಕ್ರಾಂತಿಯ ಸಂಜೆ ಎಳೆಯ ಮಕ್ಕಳನ್ನು ಸಾಲಾಗಿ ಮಣೆಯ ಮೇಲೆ ಕೂರಿಸಿ, ಎಲಚಿಹಣ್ಣು, ಕಬ್ಬಿನ ಚೂರು, ಕಾಸು, ಎಳ್ಳುಗಳನ್ನು ಬೆರೆಸಿ ತಲೆಯ ಮೇಲೆ ಎರೆದು ಆರತಿ ಎತ್ತುವುದು ಹಳೆಯ ಮೈಸೂರು ಸೀಮೆಯ ಪದ್ಧತಿ. ಹುಟ್ಟಿದ ತಿಥಿಯು ಯಾವುದಾದರೂ ಆಗಲಿ, ಆ ಸಂಜೆ ಎಲ್ಲ ಮಕ್ಕಳಿಗೂ ಒಂದು ವರ್ಷ ಕೂಡಿದಂತೆಯೇ. ಹೆಣ್ಣುಮಗುವೂ ಆ ಸಾಲಿನಲ್ಲಿ ಕೂರುತ್ತಿದ್ದಳು. ಮುತ್ತಜ್ಜಿಯರಿಗೆ ತಮ್ಮ ಬಾಲ್ಯದ ಆಚರಣೆಗಳಲ್ಲಿ ಚೆನ್ನಾಗಿ ನೆನಪಿದ್ದುದು ಇದೇ.

ಮನೆಯ ಹಿರಿಯರು ಹುಟ್ಟಿದ ದಿನವನ್ನು ಗೊತ್ತುಮಾಡಬೇಕೆಂಬ ಆಸೆಯು ಈಚಿನ ಮೊಮ್ಮಕ್ಕಳಲ್ಲಿ ಹೆಚ್ಚುತ್ತಿದೆ. ಸಂವತ್ಸರ, ಮಾಸ, ಪಕ್ಷ, ತಿಥಿ ಅಥವಾ ನಕ್ಷತ್ರ, ಇಷ್ಟು ದೊರೆತರೆ ಇಂಗ್ಲಿಷ್ ತಾರೀಖನ್ನು ತಪ್ಪಿಲ್ಲದೆ ಹೇಳಬಹುದು. ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರು 1911ರಲ್ಲಿಯೂ 1922ರಲ್ಲಿಯೂ ಪ್ರಕಟಿಸಿದ ಕಾಲಗಣನೆಯ ಗ್ರಂಥಗಳು ಶಾಸನಗಳ ಕಾಲನಿರ್ಣಯಕ್ಕೆಂದು ಹುಟ್ಟಿದರೂ ಅಜ್ಜಿಯ ಕಾಲನಿರ್ಣಯಕ್ಕೂ ಒದಗುವುವು. ಹಳೆಯ ಪಂಚಾಂಗಗಳನ್ನು ಕಟ್ಟಿಟ್ಟ ಪುರೋಹಿತರ ಮನೆಗಳೂ ಅಲ್ಲಲ್ಲಿವೆ. ವಿಚಾರಿಸಬೇಕಾದುದು ಮಾತ್ರ ಗಂಡನ ಮನೆಯಲ್ಲಲ್ಲ, ತವರಿನಲ್ಲಿ: ಆಕೆಯ ಹಿಂದೆ ಮುಂದೆ ಹುಟ್ಟಿದ ಅಣ್ಣತಮ್ಮಂದಿರ ಜಾತಕವಿದೆಯೇ, ಹುಟ್ಟಿದಾಗ ಹುಗ್ಗಿ ನಡೆಯುತ್ತಿತ್ತೇ, ಏಕಾದಶಿಯ ಉಪವಾಸದ ದಿನವೇ, ಬಾಣಂತಿಯನ್ನು ನೋಡಿಕೊಂಡವರು ಯಾರು ಎಂದು. ಅದನ್ನು ಹೇಳಬಲ್ಲವರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಏನೂ ದೊರೆಯದವರಿಗೆ ಸರ್ಕಾರವೇ ಮತ್ತೊಂದು ದಿನವನ್ನು ಒದಗಿಸಿದೆ. ಆಧಾರ್ ಚೀಟಿಯನ್ನು ಮಾಡಿಸುವಾಗ ಹುಟ್ಟಿದ ವರ್ಷವನ್ನು ಮಾತ್ರ ಹೇಳಬಲ್ಲವರಿಗೆ ಜನವರಿ 1 ಎಂದು ನಮೂದಾದ ಉದಾಹರಣೆಗಳು ದೇಶದಲ್ಲೆಲ್ಲ ಹೇರಳವಾಗಿವೆ. ಹೀಗೆ ಶಾಲೆಯ ಪುಸ್ತಕದ ಜೂನಿನಿಂದ ತಪ್ಪಿಸಿಕೊಂಡ, ಎಂದರೆ ಶಾಲೆಯ ಮುಖವನ್ನೇ ಕಾಣದ, ಎಷ್ಟೋ ಮಂದಿ ಹೆಂಗಸರು ತಮ್ಮ ಎಪ್ಪತ್ತು ಎಂಬತ್ತನೆಯ ವಯಸ್ಸಿನಲ್ಲಿ ಕಾಗದದ ಮೇಲೆ ಧನುರ್ಮಾಸದಲ್ಲಿ ಹುಟ್ಟಿದವರಾದರು. ಅಂಥ ಮನೆಗಳಲ್ಲಿ ಮರಿಮಕ್ಕಳು ಹೊಸ ವರ್ಷದ ಬೆಳಿಗ್ಗೆ ಅಜ್ಜಿಗೆ ಹೊಸ ಸೀರೆಯನ್ನು ಉಡಿಸುತ್ತಾರೆ. ಅಂದಿನ ಹುಗ್ಗಿಯ ಮೊದಲ ಬಡಿಸು ಅಜ್ಜಿಯ ಎಲೆಗೆ ಬೀಳುತ್ತದೆ.